ಎದೆಯುರಿಯ ಚರಿತ್ರೆ: ಹುಳಿಯ ತಪ್ಪೋ, ಬಾಗಿಲ ತಪ್ಪೋ?



ಸಿರುಗುಪ್ಪದ ಯಾವುದಾದರೂ ಔಷಧದ ಅಂಗಡಿಯ ಮುಂದೆ ಒಂದು ಸಂಜೆ ನಿಂತು ನೋಡಿ. ಹೊಲದಿಂದ ಬಂದವರು, ಅಕ್ಕಿ ಗಿರಣಿಯಿಂದ ಬಂದವರು, ಬಸ್ಸಿಗೆ ಹೊರಟವರು, ಇವರಲ್ಲಿ ಒಬ್ಬರಾದರೂ "ಗ್ಯಾಸಿನ ಗುಳಿಗಿ ಕೊಡ್ರಿ" ಎಂದು ಕೇಳಿಯೇ ಕೇಳುತ್ತಾರೆ. ಎದೆ ಉರಿದರೂ ಗ್ಯಾಸು, ಹುಳಿತೇಗು ಬಂದರೂ ಗ್ಯಾಸು, ಹೊಟ್ಟೆ ಉಬ್ಬಿದರೂ ಗ್ಯಾಸು, ಎದೆ ನೋವು ಬಂದರೂ ಗ್ಯಾಸು. ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ನಮ್ಮ ಊರುಗಳಲ್ಲಿ ಒಂದೇ ಹೆಸರು, ಒಂದೇ ಗುಳಿಗೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ವೈದ್ಯಶಾಸ್ತ್ರವೂ ಬಹಳ ಕಾಲ ಈ ತಪ್ಪನ್ನು ಮಾಡಿತು. ಎದೆಯುರಿಯ ಸರಿಯಾದ ಕಾರಣ ತಿಳಿಯಲು ಅದಕ್ಕೆ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಆ ಚರಿತ್ರೆಯನ್ನು ಈ ಲೇಖನದಲ್ಲಿ ತಿಳಿಯೋಣ. ಪರೀಕ್ಷೆಗೆ ಉಪಯೋಗವಾಗಲಿ ಬಿಡಲಿ, ಮನೆಯಲ್ಲಿ ತಂದೆಗೋ ಅಜ್ಜಿಗೋ ಉಪಯೋಗವಾಗುವ ವಿಷಯ ಇದು.

ಮೊದಲು ಒಂದು ಚಿತ್ರ

ನೋಟುಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಅದು ವಪೆ, ಅಂದರೆ ಎದೆಗೂಡನ್ನು ಹೊಟ್ಟೆಯಿಂದ ಬೇರ್ಪಡಿಸುವ ಸ್ನಾಯುವಿನ ಪರದೆ. ಗಂಟಲಿನಿಂದ ಇಳಿದು ಬರುವ ಅನ್ನನಾಳ ಸುಮಾರು 25 ಸೆಂಟಿಮೀಟರು ಉದ್ದದ ಕೊಳವೆ. ಅದು ವಪೆಯಲ್ಲಿರುವ ಒಂದು ಕಂಡಿಯ ಮೂಲಕ ಕೆಳಗಿಳಿದು ಜಠರವನ್ನು ಸೇರುತ್ತದೆ. ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ಆಹಾರ ಬಂದಾಗ ಅದು ಸಡಿಲಗೊಂಡು ದಾರಿ ಬಿಡುತ್ತದೆ, ಆಮೇಲೆ ಬಿಗಿದುಕೊಳ್ಳುತ್ತದೆ. ಸುತ್ತಲಿನ ವಪೆಯೂ ಹೊರಗಿನಿಂದ ಅದನ್ನು ಒತ್ತಿ ಹಿಡಿದಿರುತ್ತದೆ.

ಈ ಬಾಗಿಲು ಸಡಿಲವಾದರೆ ಜಠರದ ಹುಳಿ ಮೇಲೆ ನುಗ್ಗುತ್ತದೆ. ಅದೇ ಆಮ್ಲದ ಹಿಮ್ಮುಖ ಹರಿವು. ವಪೆಯ ಕಂಡಿ ಅಗಲವಾಗಿ ಜಠರದ ಮೇಲ್ಭಾಗವೇ ಎದೆಗೂಡಿನೊಳಗೆ ಜಾರಿದರೆ ಅದು ಹಯಾಟಸ್ ಹರ್ನಿಯಾ. ಜಠರದ ಒಳಗೋಡೆಗೆ ಆಮ್ಲವನ್ನು ತಡೆದುಕೊಳ್ಳುವ ರಕ್ಷೆ ಇದೆ. ಅನ್ನನಾಳಕ್ಕೆ ಅಷ್ಟು ರಕ್ಷೆ ಇಲ್ಲ, ಆದ್ದರಿಂದ ಅದು ಉರಿಯುತ್ತದೆ.

ಬಳ್ಳಾರಿ ಜಿಲ್ಲೆಯವರಿಗೆ ಇದನ್ನು ತಿಳಿಸಲು ಒಂದು ಹೋಲಿಕೆ ಸಾಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯದಲ್ಲಿ ನೀರು ಇದ್ದದ್ದು ತಪ್ಪಲ್ಲ, ಆ ನೀರಿನಿಂದಲೇ ಸಿರುಗುಪ್ಪದ ಗದ್ದೆಗಳು ಬದುಕಿವೆ. ತಪ್ಪಿದ್ದು ಗೇಟು. ಹೊಟ್ಟೆಯ ಹುಳಿಯೂ ಹೀಗೆಯೇ. ಅದು ಇರಬೇಕಾದದ್ದೇ. ಇರಬಾರದ ಕಡೆಗೆ ಹೋದಾಗ ಮಾತ್ರ ತೊಂದರೆ.

ಹಳಬರು ಗಮನಿಸಿದ್ದು

ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಹತ್ತಿರವಾದ ರೋಗದ ಹೆಸರು ಆಮ್ಲಪಿತ್ತ. ಕಾಶ್ಯಪ ಸಂಹಿತೆಯಲ್ಲಿಯೂ ಮಾಧವನಿದಾನದಲ್ಲಿಯೂ ಅದರ ವಿವರಣೆ ಇದೆ. ಮಾಧವನಿದಾನವು ಅದನ್ನು ಊರ್ಧ್ವಗ ಮತ್ತು ಅಧೋಗ, ಅಂದರೆ ಮೇಲಕ್ಕೆ ಹೋಗುವುದು ಮತ್ತು ಕೆಳಕ್ಕೆ ಹೋಗುವುದು ಎಂದು ಎರಡಾಗಿ ವಿಂಗಡಿಸಿತು. ಒಳಗಿನ ಬಾಗಿಲನ್ನು ಕಾಣುವ ಸಾಧನವಿಲ್ಲದ ಕಾಲದಲ್ಲಿ ಹುಳಿಗೆ ಒಂದು ದಿಕ್ಕು ಇದೆ ಎಂದು ಗಮನಿಸಿದ್ದು ಸಣ್ಣ ಮಾತಲ್ಲ. ಅಂದಿನಿಂದ ಬಳಕೆಯಲ್ಲಿರುವ ಶಂಖಭಸ್ಮ ಕ್ಷಾರಗುಣದ್ದು, ಹುಳಿಯನ್ನು ತಗ್ಗಿಸುವಂಥದು.

ಆದರೆ ಹೊಟ್ಟೆಯಲ್ಲಿರುವ ಹುಳಿ ಯಾವುದು? 1823ರ ಡಿಸೆಂಬರಿನಲ್ಲಿ ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದಕ್ಕೆ ಉತ್ತರ ಮಂಡಿಸಿದ. ಪ್ರಾಣಿಗಳ ಜಠರರಸವನ್ನು ಪರೀಕ್ಷಿಸಿ, ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಅವನು ತೋರಿಸಿದ. ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಿಂದೆ ಈ ಸೀಮೆಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರಾಗಿದ್ದ. ಕಾಲವನ್ನು ನೆನಪಿಡಲು ಇದು ನಿಮಗೆ ಅನುಕೂಲವಾದೀತು.

ಅದೇ ದಶಕದಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡೇಟು ಬಿತ್ತು. ಪ್ರಾಣ ಉಳಿಯಿತು. ಆದರೆ ಗಾಯ ಪೂರ್ತಿ ಮುಚ್ಚದೆ ಜಠರಕ್ಕೆ ಒಂದು ಕಿಂಡಿಯಾಗಿ ಉಳಿಯಿತು. ಅವನಿಗೆ ಚಿಕಿತ್ಸೆ ಮಾಡಿದ ಸೇನಾವೈದ್ಯ ವಿಲಿಯಂ ಬೋಮಾಂಟ್ ಆ ಕಿಂಡಿಯ ಮೂಲಕ ವರ್ಷಗಟ್ಟಲೆ ಪ್ರಯೋಗ ನಡೆಸಿ, ಆಹಾರ ಕರಗುವ ಬಗೆಯನ್ನು 1833ರಲ್ಲಿ ಪುಸ್ತಕವಾಗಿ ಬರೆದ. ಜೀರ್ಣಕ್ರಿಯೆಯ ಬಗೆಗಿನ ನಮ್ಮ ತಿಳಿವಳಿಕೆಯ ಬಹುಭಾಗಕ್ಕೆ ಆ ಬಡ ಕೂಲಿಯವನ ದೇಹವೇ ಪ್ರಯೋಗಶಾಲೆಯಾಯಿತು. ಬೋಮಾಂಟನ ಹೆಸರನ್ನು ಓದುವಾಗ ಸೇಂಟ್ ಮಾರ್ಟಿನ್ನನ ಹೆಸರನ್ನೂ ನೆನೆಯುವುದು ನ್ಯಾಯ.

ಹುಳಿ ಯಾವುದೆಂದು ತಿಳಿದ ಮೇಲೆ ಮದ್ದು ಸುಲಭವಾಗಿ ತೋರಿತು: ಆಮ್ಲಕ್ಕೆ ಕ್ಷಾರ ಬೆರೆಸಿದರಾಯಿತು. ಅಡುಗೆ ಸೋಡಾ, ಮ್ಯಾಗ್ನೀಷಿಯಂ, ಅಲ್ಯೂಮಿನಿಯಂ ಇವುಗಳ ಕ್ಷಾರಗಳು ಬಳಕೆಗೆ ಬಂದವು. 1915ರಲ್ಲಿ ಷಿಕಾಗೋದ ಬರ್ಟ್ರಂ ಸಿಪ್ಪಿ ಎಂಬ ವೈದ್ಯ ಹೊಟ್ಟೆಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಮತ್ತು ಕ್ಷಾರಪುಡಿ ಕೊಡುವ ಪಥ್ಯವನ್ನು ಪ್ರಚಾರಕ್ಕೆ ತಂದ. ನಮ್ಮ ಮನೆಗಳಲ್ಲಿ ಎದೆ ಉರಿದರೆ ತಣ್ಣನೆ ಹಾಲು ಕುಡಿಯಿರಿ ಎನ್ನುವುದೂ ಇದೇ ಬಗೆಯ ಉಪಚಾರ. ಹಾಲು ಆ ಕ್ಷಣಕ್ಕೆ ತಂಪು ಕೊಡುತ್ತದೆ ನಿಜ. ಆದರೆ ಹಾಲಿನ ಪ್ರೋಟೀನು ಮತ್ತು ಸುಣ್ಣದ ಅಂಶ ಜಠರವನ್ನು ಮತ್ತೆ ಆಮ್ಲ ಸುರಿಸುವಂತೆ ಪ್ರಚೋದಿಸುತ್ತವೆ. ಕ್ಷಾರವಾಗಲಿ ಹಾಲಾಗಲಿ ಮುಟ್ಟಿದ್ದು ಹುಳಿಯನ್ನು ಮಾತ್ರ. ಬಾಗಿಲಿನ ವಿಚಾರ ಇನ್ನೂ ಯಾರಿಗೂ ಹೊಳೆದಿರಲಿಲ್ಲ.

ಕತ್ತಲೆಯ ಕೋಣೆಗೆ ಬೆಳಕು

ಬಾಗಿಲನ್ನು ಕಾಣಲು ಕ್ಷ-ಕಿರಣ ಬೇಕಾಯಿತು. 1895ರಲ್ಲಿ ರಾಂಟ್‌ಜನ್ ಅದನ್ನು ಕಂಡುಹಿಡಿದ. ಮರುವರ್ಷವೇ ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ವಿದ್ಯಾರ್ಥಿ ಪ್ರಾಣಿಗಳಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ, ಅದು ಇಳಿಯುವುದನ್ನು ಕ್ಷ-ಕಿರಣದಲ್ಲಿ ನೋಡಲು ಆರಂಭಿಸಿದ. ಆಗ ಅವನು ನಿಮ್ಮಂತೆಯೇ ಕಾಲೇಜಿನಲ್ಲಿ ಓದುತ್ತಿದ್ದವನು. ಇದೇ ದಾರಿಯಲ್ಲಿ ಮುಂದೆ ಬೇರಿಯಂ ಕುಡಿಸಿ ಚಿತ್ರ ತೆಗೆಯುವ ಪದ್ಧತಿ ಬೆಳೆಯಿತು. 1926ರಲ್ಲಿ ಸ್ವೀಡನ್ನಿನ ಕ್ಷ-ಕಿರಣ ತಜ್ಞ ಓಕರ್‌ಲುಂಡ್ ಹಯಾಟಸ್ ಹರ್ನಿಯಾಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಜಠರ ಮತ್ತು ಅನ್ನನಾಳದ ಸೇರುವೆಯೇ ಮೇಲಕ್ಕೆ ಜಾರುವ ಬಗೆ ಅತಿ ಸಾಮಾನ್ಯ. ಸೇರುವೆ ತನ್ನ ಜಾಗದಲ್ಲಿದ್ದು ಪಕ್ಕದಿಂದ ಜಠರ ಮೇಲೇರುವ ಬಗೆ ಅಪರೂಪ. ಆದರೆ ಅದರಲ್ಲಿ ಜಠರ ತಿರುಚಿಕೊಳ್ಳುವ ಅಪಾಯವುಂಟು.

1935ರಲ್ಲಿ ನ್ಯೂಯಾರ್ಕಿನ ವೈದ್ಯ ಆಷರ್ ವಿಂಕಲ್‌ಸ್ಟೀನ್, ಕೆಲವರ ಅನ್ನನಾಳದ ಹುಣ್ಣಿಗೆ ಜಠರದ ಆಮ್ಲವೇ ಕಾರಣವೆಂದು ಬರೆದ. ಆ ವೇಳೆಗೆ ಹುಳಿ, ಹುಣ್ಣು, ಜಾರಿದ ಜಠರ, ಈ ಮೂರೂ ವೈದ್ಯರ ಕಣ್ಣ ಮುಂದೆ ಇದ್ದವು. ಅವುಗಳನ್ನು ಒಂದೇ ದಾರದಲ್ಲಿ ಪೋಣಿಸುವವರು ಬೇಕಾಗಿತ್ತು.

ಬಾಗಿಲ ದುರಸ್ತಿ

1951ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರವೈದ್ಯ ಫಿಲಿಪ್ ಆಲಿಸನ್ ಆ ಕೆಲಸ ಮಾಡಿದ. ಜಠರ ಜಾರಿದಾಗ ಬಾಗಿಲು ಕೆಲಸ ಮಾಡುವುದಿಲ್ಲ, ಆದ್ದರಿಂದ ಹುಳಿ ಮೇಲೇರುತ್ತದೆ ಎಂದು ಅವನು ವಿವರಿಸಿದ. ಜಠರವನ್ನು ಕೆಳಗೆಳೆದು ವಪೆಯ ಕಂಡಿಯನ್ನು ಹೊಲಿಯುವ ಶಸ್ತ್ರಚಿಕಿತ್ಸೆಯನ್ನೂ ರೂಪಿಸಿದ. ಆ ಹೊತ್ತಿಗೆ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಏಳುತ್ತಿತ್ತು. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಆಲಿಸನ್ನನ ದೊಡ್ಡತನ ಕಾಣುವುದು ಇಪ್ಪತ್ತು ವರ್ಷಗಳ ಅನಂತರ. ತಾನು ಚಿಕಿತ್ಸೆ ಮಾಡಿದವರನ್ನು ಹುಡುಕಿ ಮತ್ತೆ ಪರೀಕ್ಷಿಸಿ, 1973ರಲ್ಲಿ ಫಲಿತಾಂಶ ಪ್ರಕಟಿಸಿದ. ಬಹಳ ಮಂದಿಯಲ್ಲಿ ಹರ್ನಿಯಾ ಮರಳಿ ಬಂದಿತ್ತು. ತನ್ನ ಹೆಸರು ತಂದುಕೊಟ್ಟ ಶಸ್ತ್ರಚಿಕಿತ್ಸೆ ಸೋತಿದೆ ಎಂದು ಅವನೇ ಲೋಕಕ್ಕೆ ಸಾರಿದ. ವಿಜ್ಞಾನ ಮುಂದೆ ಸಾಗುವುದು ಗೆದ್ದವರಿಂದ ಮಾತ್ರವಲ್ಲ, ಲೆಕ್ಕ ಒಪ್ಪಿಸುವವರಿಂದಲೂ.

ಇನ್ನೊಂದು ದಾರಿಯನ್ನು ತೋರಿಸಿದವನು ರುಡಾಲ್ಫ್ ನಿಸೆನ್. ಜರ್ಮನಿಯ ಯಹೂದಿ ಶಸ್ತ್ರವೈದ್ಯನಾದ ಅವನು 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ದೇಶ ಬಿಟ್ಟು ತುರ್ಕಿಯ ಇಸ್ತಾಂಬುಲ್ ಸೇರಿದ. ಅಲ್ಲಿ ಒಬ್ಬ ರೋಗಿಯ ಅನ್ನನಾಳದ ಕೆಳತುದಿಯನ್ನು ಕತ್ತರಿಸಿ ಮರುಜೋಡಿಸಬೇಕಾಯಿತು. ಹೊಲಿಗೆ ಸೋರದಿರಲೆಂದು ಜಠರದ ಗೋಡೆಯನ್ನೇ ಅದರ ಸುತ್ತ ಸುತ್ತಿದ. ವರ್ಷಗಳು ಕಳೆದ ಮೇಲೆ ಅವನು ಗಮನಿಸಿದ್ದು, ಆ ರೋಗಿಗೆ ಎದೆಯುರಿಯ ಕಾಟವೇ ಇಲ್ಲ! ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದಾಗ 1955ರಲ್ಲಿ ಇದನ್ನೇ ಎದೆಯುರಿಯ ಚಿಕಿತ್ಸೆಯಾಗಿ ಮಾಡಿ, 1956ರಲ್ಲಿ ಪ್ರಕಟಿಸಿದ. ಜಠರದ ಮೇಲ್ತುದಿಯನ್ನು ಅನ್ನನಾಳದ ಸುತ್ತ ಶಲ್ಯದಂತೆ ಸುತ್ತಿ ಹೊಲಿಯುವ ಈ ಕ್ರಮಕ್ಕೆ ಫಂಡೋಪ್ಲಿಕೇಷನ್ ಎಂದು ಹೆಸರು. ನಡುವೆ ಅಮೆರಿಕದಲ್ಲಿದ್ದಾಗ, 1948ರಲ್ಲಿ ವಿಜ್ಞಾನಿ ಐನ್‌ಸ್ಟೈನರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದವನೂ ಈ ನಿಸೆನ್ನನೇ.

ಅದೇ 1956ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಅನ್ನನಾಳದ ಒಳ ಒತ್ತಡವನ್ನು ಅಳೆದು, ಕೆಳತುದಿಯಲ್ಲಿ ಬಿಗಿಯಾದ ಒಂದು ವಲಯವಿದೆ ಎಂದು ತೋರಿಸಿದರು. ಹರ್ನಿಯಾ ಇದ್ದೂ ಉರಿಯಿಲ್ಲದವರು, ಉರಿ ಇದ್ದೂ ಹರ್ನಿಯಾ ಇಲ್ಲದವರು ಏಕೆ ಇದ್ದಾರೆಂಬುದು ಆಗ ಅರ್ಥವಾಗತೊಡಗಿತು. ಸ್ನಾಯುವಿನ ಉಂಗುರ, ವಪೆಯ ಒತ್ತು, ಎರಡೂ ಸೇರಿಯೇ ಬಾಗಿಲು.

ಹುಳಿಯ ಕಾರ್ಖಾನೆಗೆ ಬೀಗ

1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನರ ಬಾಯಲ್ಲಿ ವಿಮ್ಸ್ ಎಂದೇ ಉಳಿದಿರುವ ಸಂಸ್ಥೆ ಅದು. ಅಲ್ಲಿನ ಮೊದಲ ತಂಡದ ವಿದ್ಯಾರ್ಥಿಗಳು ಎದೆಯುರಿಯ ಪಾಠ ಕೇಳಿದಾಗ ಜಗತ್ತಿನಲ್ಲಿ ಎಲ್ಲಿಯೂ ಆಮ್ಲದ ಉತ್ಪತ್ತಿಯನ್ನು ಚೆನ್ನಾಗಿ ತಡೆಯುವ ಗುಳಿಗೆ ಇರಲಿಲ್ಲ. ಕ್ಷಾರ, ಪಥ್ಯ, ಇಲ್ಲವೇ ಎದೆ ಅಥವಾ ಹೊಟ್ಟೆ ತೆರೆದು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ, ಇವಿಷ್ಟೇ ದಾರಿಗಳು.

ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು, ಹಿಸ್ಟಮೀನ್ ಎಂಬ ರಾಸಾಯನಿಕವು ಜಠರದ ಕೋಶಗಳಿಗೆ ಆಮ್ಲ ಸುರಿಸಲು ಸೂಚನೆ ಕೊಡುವ ಜಾಗವನ್ನು ಗುರುತಿಸಿ, ಅದನ್ನು ಮುಚ್ಚುವ ಸಿಮೆಟಿಡೀನ್ ಔಷಧವನ್ನು ತಯಾರಿಸಿದರು. ಅದು 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1981ರಲ್ಲಿ ರಾನಿಟಿಡೀನ್ ಹಿಂಬಾಲಿಸಿತು. ಬ್ಲ್ಯಾಕ್ ಇದಕ್ಕೆ ಮೊದಲೇ ಪ್ರೊಪ್ರನೊಲಾಲ್ ಎಂಬ ಹೃದಯದ ಔಷಧವನ್ನೂ ಕಂಡುಹಿಡಿದಿದ್ದ. ಎದೆನೋವು ಮತ್ತು ಎದೆಯುರಿ ಎರಡಕ್ಕೂ ಮದ್ದು ಕೊಟ್ಟ ಅವನಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ಬಂತು.

ಅದೇ 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಬಂತು. ಆಮ್ಲವನ್ನು ಹೊರಹಾಕುವ ಕೊನೆಯ ಹಂತದ ಪಂಪನ್ನೇ ಅದು ನಿಲ್ಲಿಸುತ್ತದೆ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲ ಇದೇ ವಂಶದವು.

ಒಳಗನ್ನು ಕಣ್ಣಾರೆ ನೋಡುವ ಸಾಧನದ ಹಿಂದೆ ಒಬ್ಬ ಭಾರತೀಯನ ಶ್ರಮವಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ಹಾಪ್ಕಿನ್ಸ್ ಎಂಬ ವಿಜ್ಞಾನಿಯ ಜತೆ ಪ್ರಕಟಿಸಿದ. ಅದನ್ನು ಓದಿ ಸ್ಫೂರ್ತಿ ಪಡೆದ ಬೇಸಿಲ್ ಹಿರ್ಷೋವಿಟ್ಸ್ ಎಂಬ ವೈದ್ಯ ಬಾಗುವ ಎಂಡೋಸ್ಕೋಪನ್ನು ರೂಪಿಸಿ, 1957ರಲ್ಲಿ ಮೊದಲು ತಾನೇ ನುಂಗಿ ಪರೀಕ್ಷಿಸಿದ. 1991ರಲ್ಲಿ ಬೆಲ್ಜಿಯಂನ ಬರ್ನಾರ್ಡ್ ಡಾಲ್‌ಮಾನ್ಯ, ಹೊಟ್ಟೆಯನ್ನು ಸೀಳದೆ ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿನಿಂದ ನಿಸೆನ್ನನ ಶಸ್ತ್ರಚಿಕಿತ್ಸೆ ಮಾಡಿದ ವರದಿ ಪ್ರಕಟಿಸಿದ.

ಇಂದಿನ ದಾರಿಗಳು

ಈಗ ಮತ್ತೆ ಅಣೆಕಟ್ಟಿನ ಹೋಲಿಕೆಗೆ ಬರೋಣ. ಗೇಟು ಕೆಟ್ಟಾಗ ಮಾಡಬಹುದಾದ ಕೆಲಸಗಳು ಮೂರು: ನೀರಿನ ಒತ್ತಡವನ್ನು ತಗ್ಗಿಸುವುದು, ಒಳಹರಿವನ್ನು ಕಡಿಮೆ ಮಾಡುವುದು, ಗೇಟನ್ನೇ ಸರಿಪಡಿಸುವುದು. ಎದೆಯುರಿಯ ಚಿಕಿತ್ಸೆಗಳೂ ಹಾಗೆಯೇ ಮೂರು ಬಗೆ.

ಮೊದಲನೆಯದು ದಿನಚರಿ. ಹೊಟ್ಟೆಯ ಬೊಜ್ಜು ಜಠರವನ್ನು ಮೇಲಕ್ಕೆ ಒತ್ತುತ್ತದೆ, ತೂಕ ಇಳಿಸಿದರೆ ಒತ್ತಡ ಇಳಿಯುತ್ತದೆ. ಉಂಡ ಮೇಲೆ ಎರಡು ಮೂರು ಗಂಟೆ ಮಲಗಬಾರದು. ರಾತ್ರಿ ಉರಿ ಬರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರು ಎತ್ತರದ ಇಟ್ಟಿಗೆ ಇಡಬಹುದು, ಎಡಮಗ್ಗುಲಿಗೆ ಮಲಗಬಹುದು. ತಂಬಾಕು ಬಿಡಬೇಕು. ಬಗ್ಗಿದಾಗ ಹುಳಿ ಮೇಲೇರುವುದು ಸುಲಭ. ಸಿರುಗುಪ್ಪದ ಗದ್ದೆಯಲ್ಲಿ ಸಸಿ ನೆಡುವ ತಾಯಂದಿರು, ಕುರುಗೋಡಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರು ಹೊಟ್ಟೆ ತುಂಬ ಉಂಡ ತಕ್ಷಣ ಬಗ್ಗಿ ಕೆಲಸಕ್ಕೆ ನಿಲ್ಲುತ್ತಾರೆ. ಅವರಿಗೆ ಕೂಲಿ ತಪ್ಪಿಸಿಕೊಳ್ಳಿ ಎಂದು ಹೇಳಲಾಗದು. ಒಂದೇ ಸಲಕ್ಕೆ ಹೊಟ್ಟೆ ಬಿರಿಯ ಉಣ್ಣದೆ ಎರಡು ಸಲಕ್ಕೆ ಹಂಚಿ ಉಣ್ಣಿ ಎಂದು ಹೇಳಬಹುದು. ಇನ್ನು ಬಳ್ಳಾರಿಯ ಒಗ್ಗರಣೆ ಮಿರ್ಚಿ! ಮೆಣಸಿನಕಾಯಿ ಬಾಗಿಲನ್ನು ಕೆಡಿಸುವುದಿಲ್ಲ. ಆದರೆ ಕೆಲವರಿಗೆ ಖಾರ ಮತ್ತು ಎಣ್ಣೆ ಉರಿಯನ್ನು ಕೆರಳಿಸುತ್ತವೆ. ಯಾವುದು ತನಗೆ ಆಗದೋ ಅದನ್ನು ಬಿಟ್ಟರೆ ಸಾಕು, ಎಲ್ಲರೂ ಎಲ್ಲವನ್ನೂ ಬಿಡಬೇಕಿಲ್ಲ.

ಎರಡನೆಯದು ಔಷಧ. ಎಂದೋ ಒಮ್ಮೆ ಬರುವ ಉರಿಗೆ ಕ್ಷಾರದ ಗುಳಿಗೆ ಅಥವಾ ಟಾನಿಕ್ಕು ಸಾಕು. ಪದೇ ಪದೇ ಬಂದರೆ ಪ್ಯಾಂಟೊಪ್ರಜೋಲ್ ಬಗೆಯ ಔಷಧವನ್ನು ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಡುತ್ತಾರೆ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಿದರೆ ಅದರ ಗುಣ ಪೂರ್ತಿ ಸಿಗುತ್ತದೆ. ಬಹಳ ಕಾಲ ನುಂಗಿ ಥಟ್ಟನೆ ನಿಲ್ಲಿಸಿದರೆ ಆಮ್ಲ ಕೆಲವು ದಿನ ಇನ್ನೂ ಜೋರಾಗಿ ಬರಬಹುದು. ಅದಕ್ಕೇ ಆರಂಭಿಸುವುದೂ ನಿಲ್ಲಿಸುವುದೂ ವೈದ್ಯರನ್ನು ಕೇಳಿಯೇ ಆಗಬೇಕು. ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಗುಳಿಗೆ ಕೊಳ್ಳುವವರಿಗೆ ರಾನಿಟಿಡೀನಿನ ಕಥೆ ಹೇಳಿ. ಲೋಕವೆಲ್ಲ ನಂಬಿದ್ದ ಆ ಔಷಧದಲ್ಲಿ ಕ್ಯಾನ್ಸರ್ ತರಬಲ್ಲ ಕಲ್ಮಶ ಕಂಡುಬಂದು, 2020ರಲ್ಲಿ ಅಮೆರಿಕದ ಸರ್ಕಾರ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. 2022ರಲ್ಲಿ ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು. ಔಷಧದ ಲೆಕ್ಕವನ್ನು ಆಗಾಗ ಮರುಪರಿಶೀಲಿಸುತ್ತಿರಬೇಕು.

ಮೂರನೆಯದು ಶಸ್ತ್ರಚಿಕಿತ್ಸೆ. ಔಷಧದಿಂದ ಸಾಲದವರಿಗೆ, ಜೀವನಪೂರ್ತಿ ಔಷಧ ಬೇಡವೆನ್ನುವವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಇದು. ಅದಕ್ಕೆ ಮೊದಲು ಎಂಡೋಸ್ಕೋಪಿ, ಅನ್ನನಾಳದ ಒತ್ತಡದ ಪರೀಕ್ಷೆ, ಆಮ್ಲ ಎಷ್ಟು ಹೊತ್ತು ಮೇಲೇರುತ್ತದೆಂಬ ಅಳತೆ ಆಗಬೇಕು. ಯುರೋಪಿನ ಹಲವು ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಐದು ವರ್ಷಗಳ ಅನಂತರ ಔಷಧ ನುಂಗಿದವರಲ್ಲಿ ಶೇ. 92, ಲ್ಯಾಪರೊಸ್ಕೋಪ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ. 85 ಮಂದಿಯ ಕಾಯಿಲೆ ಹತೋಟಿಯಲ್ಲಿತ್ತು. ಎರಡೂ ಒಳ್ಳೆಯ ದಾರಿಗಳೇ. ಶಸ್ತ್ರಚಿಕಿತ್ಸೆಯ ಅನಂತರ ಕೆಲವರಿಗೆ ನುಂಗಲು ಕಷ್ಟ, ಹೊಟ್ಟೆಯುಬ್ಬರ ಬರುವುದುಂಟು. ಉರಿಯಿಲ್ಲದ ಸಣ್ಣ ಹರ್ನಿಯಾಕ್ಕೆ ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ. ವರದಿಯಲ್ಲಿ ಆ ಶಬ್ದ ಕಂಡ ಮಾತ್ರಕ್ಕೆ ಹೆದರಬೇಡಿ.

ಮನೆಗೆ ಒಯ್ಯಬೇಕಾದ ಮಾತು

ಕೊನೆಯದಾಗಿ ಎರಡು ಎಚ್ಚರಿಕೆಗಳು. ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು, ರಕ್ತದ ವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವುಗಳಲ್ಲಿ ಒಂದು ಕಂಡರೂ ಗುಳಿಗೆಯಿಂದ ದಿನ ದೂಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಇದಕ್ಕಿಂತ ತುರ್ತಿನದು. ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ ಹರಡಿದರೆ, ಬೆವರು ಕಿತ್ತುಬಂದರೆ, ಉಸಿರು ಕಟ್ಟಿದರೆ, ನಡೆದಾಗ ನೋವು ಹೆಚ್ಚಾದರೆ, ಅದು ಹೃದಯದ ನೋವಿರಬಹುದು. "ಗ್ಯಾಸ್ ಇರಬೇಕು, ಸೋಡಾ ಕುಡೀರಿ" ಎಂದು ಹಿರಿಯರು ಹೇಳಿದರೂ ನೀವು ಸುಮ್ಮನಿರಬೇಡಿ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಸೋಡಾ ಕುಡಿದು ಕಾಯುವ ಅರ್ಧ ಗಂಟೆಯೂ ಆ ದಾರಿಗೆ ಸೇರುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಗ್ಯಾಸೇ ಎಂದು ಗೊತ್ತಾದರೆ ನಕ್ಕು ಮನೆಗೆ ಬರಬಹುದು.

ಪ್ರೌಟ್ ಹುಳಿಯ ಹೆಸರನ್ನು ಹುಡುಕಿದ, ಆಲಿಸನ್ ಬಾಗಿಲನ್ನು ಗುರುತಿಸಿದ, ನಿಸೆನ್ ಅದನ್ನು ಮುಚ್ಚುವ ಉಪಾಯ ಕಂಡ, ಬ್ಲ್ಯಾಕ್ ಹುಳಿಯ ಮೂಲಕ್ಕೆ ಕೈ ಹಾಕಿದ. ನಿಮ್ಮ ಪಾಲಿನ ಕೆಲಸ ಚಿಕ್ಕದು. ಇಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಗುಳಿಗೆ ನುಂಗುವವರನ್ನು ಮೂರು ಪ್ರಶ್ನೆ ಕೇಳಿ: ಇದು ಯಾವ ಗುಳಿಗೆ? ಎಷ್ಟು ದಿನದಿಂದ? ಯಾರು ಹೇಳಿದ್ದು? ಮೂರನೆಯದಕ್ಕೆ "ಅಂಗಡಿಯವರು" ಎಂಬ ಉತ್ತರ ಬಂದರೆ, ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನಿಮ್ಮದು.